ರಾತ್ರಿಯಿಡೀ ಚಾರ್ಜಿಗೆ ಇಟ್ಟರೆ ಫೋನ್ ಸಿಡಿಯುತ್ತದೆಯೇ? ಯಾವ ಫೋನ್ ಎಂದು ಮೊದಲು ಕೇಳಿ

ಈ ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ:

“ಹೊಸ ಬ್ಯಾಟರಿಯನ್ನು ಮೊದಲ ಸಲ 16 ಗಂಟೆ ಚಾರ್ಜ್ ಮಾಡಿ. ಪೂರ್ತಿ ಖಾಲಿಯಾಗುವ ತನಕ ಮತ್ತೆ ಚಾರ್ಜಿಗೆ ಹಾಕಬೇಡಿ. ರಾತ್ರಿಯಿಡೀ ಚಾರ್ಜಿಗೆ ಇಟ್ಟರೆ ಫೋನ್ ಸಿಡಿಯುತ್ತದೆ. ತಪ್ಪದೆ ಎಲ್ಲರಿಗೂ ಕಳುಹಿಸಿ.”

ನಮ್ಮ ಕುಟುಂಬದ ಗುಂಪಿಗೆ ಇದು ಬಂದಾಗ ನಾನೂ ಓದಿದ್ದೆ. ಇಂಥ ಸಂದೇಶಗಳನ್ನು ಪರಿಶೀಲಿಸುವುದೇ ನನ್ನ ಕೆಲಸ. ಆದರೂ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಕ್ಯಾನ್ಸರ್‌ಗೆ ಮನೆಮದ್ದು, ಮಕ್ಕಳ ಕಳ್ಳರ ವದಂತಿ ಮುಂತಾದವುಗಳ ಮುಂದೆ ಇದು ನಿರುಪದ್ರವಿ ಅನಿಸಿತು. ಹೆಚ್ಚೆಂದರೆ ಯಾರದೋ ಮೊಬೈಲ್ ಬೆಳಿಗ್ಗೆ ಅರ್ಧ ಚಾರ್ಜಿನಲ್ಲಿರುತ್ತದೆ, ಅಷ್ಟೇ ತಾನೆ?

ಅದನ್ನು ಚಾಚೂ ತಪ್ಪದೆ ಪಾಲಿಸಿದ್ದು ಮೊಬೈಲೇ ಇಲ್ಲದ ನಮ್ಮ ದೊಡ್ಡಮ್ಮ. ತೀರ್ಥಹಳ್ಳಿ ಕಡೆಯ ಅವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ತೋಟ ದಾಟಿ ಗುಡ್ಡ ಹತ್ತಬೇಕು. ಇದ್ದದ್ದು ಒಂದು ಲ್ಯಾಂಡ್‌ಲೈನ್, ಅದಕ್ಕೊಂದು ಕಾರ್ಡ್‌ಲೆಸ್ ಫೋನ್. ಬೆಂಗಳೂರಿನಲ್ಲಿರುವ ಅಕ್ಕ ಅದೇ ಫೋನಿಗೆ ಕರೆ ಮಾಡಿ ಈ ಸಂದೇಶವನ್ನು ಓದಿ ಹೇಳಿದಳು. ಅಂದಿನಿಂದ ದೊಡ್ಡಮ್ಮ ಮಲಗುವ ಮುನ್ನ ಫೋನಿನ ಸ್ವಿಚ್ ಆರಿಸತೊಡಗಿದರು. ಹ್ಯಾಂಡ್‌ಸೆಟ್ಟನ್ನು ಬೇಸಿನಿಂದ ತೆಗೆದು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು, ಕೈಗೆ ಸಿಗಲಿ ಎಂದು.

ಆ ಮಳೆಗಾಲದ ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ದೊಡ್ಡಮ್ಮ ಹ್ಯಾಂಡ್‌ಸೆಟ್ ಎತ್ತಿಕೊಂಡರು. ಬ್ಯಾಟರಿ ತುಂಬಿತ್ತು, ಪರದೆಯಲ್ಲಿ ಬೆಳಕೂ ಇತ್ತು, ಆದರೆ ಡಯಲ್ ಟೋನ್ ಇಲ್ಲ. 108 ಎಂದು ಎಷ್ಟು ಸಲ ಒತ್ತಿದರೂ ಬೀಪ್ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಕೊನೆಗೆ ಟಾರ್ಚ್ ಹಿಡಿದು ಮಳೆಯಲ್ಲೇ ಪಕ್ಕದ ಮನೆಗೆ ನಡೆದರು. ಮಲೆನಾಡಿನಲ್ಲಿ ಪಕ್ಕದ ಮನೆ ಎಂದರೆ ಅರ್ಧ ಮೈಲಿ. ಸೊಂಟದ ಮೂಳೆ ಮುರಿದಿದ್ದ ದೊಡ್ಡಪ್ಪ ಶಿವಮೊಗ್ಗದ ಆಸ್ಪತ್ರೆ ಸೇರುವಾಗ ಬೆಳಕು ಹರಿದಿತ್ತು. ಈಗ ಕೋಲು ಊರಿಕೊಂಡು ಓಡಾಡುತ್ತಾರೆ.

“ಆ ರಾತ್ರಿಯೇ ಫೋನು ಕೈ ಕೊಡ್ತು ಮಾರಾಯ್ತಿ” ಎಂದು ದೊಡ್ಡಮ್ಮ ಇಂದಿಗೂ ಹೇಳುತ್ತಾರೆ. ಫೋನು ಕೆಟ್ಟಿರಲಿಲ್ಲ.

ಹ್ಯಾಂಡ್‌ಸೆಟ್ ತುಂಬಿದ್ದರೂ ಕರೆ ಏಕೆ ಹೋಗಲಿಲ್ಲ?

ಕಾರ್ಡ್‌ಲೆಸ್ ಫೋನಿನ ಬೇಸನ್ನು ನಾವೆಲ್ಲ ಚಾರ್ಜರ್ ಎಂದುಕೊಂಡಿದ್ದೇವೆ. ಚಾರ್ಜ್ ಮಾಡುವುದು ಅದರ ಎರಡನೆಯ ಕೆಲಸ. ಮೊದಲನೆಯದು, ಗೋಡೆಯಿಂದ ಬರುವ ಟೆಲಿಫೋನ್ ತಂತಿಗೂ ಕೈಯಲ್ಲಿರುವ ಹ್ಯಾಂಡ್‌ಸೆಟ್ಟಿಗೂ ರೇಡಿಯೋ ಅಲೆಗಳ ಮೂಲಕ ಸಂಪರ್ಕ ಕೊಡುವುದು. ಅಂದರೆ ಅದು ನಿಮ್ಮ ಮನೆಯೊಳಗಿನ ಪುಟ್ಟ ಟವರ್. ಟವರಿಗೆ ಕರೆಂಟ್ ಇಲ್ಲದಿದ್ದರೆ ಹ್ಯಾಂಡ್‌ಸೆಟ್‌ನಲ್ಲಿ ಎಷ್ಟೇ ಚಾರ್ಜ್ ಇದ್ದರೂ ಅದು ಬರೀ ಟಾರ್ಚು. ಹೊರಗಿನಿಂದ ಬರುವ ಕರೆಗೂ ಅದು ಗಂಟೆ ಬಾರಿಸುವುದಿಲ್ಲ.

ಹಳೆಯ ಕಾಲದ, ಸುರುಳಿ ವೈರಿನ ಫೋನಿಗೆ ಈ ತೊಂದರೆ ಇರಲಿಲ್ಲ. ತಾಮ್ರದ ತಂತಿಯ ಲ್ಯಾಂಡ್‌ಲೈನಿನಲ್ಲಿ ಫೋನಿಗೆ ಬೇಕಾದ ವಿದ್ಯುತ್ತನ್ನು ಎಕ್ಸ್‌ಚೇಂಜೇ ಅದೇ ತಂತಿಯಲ್ಲಿ ಕಳುಹಿಸುತ್ತದೆ, ಸುಮಾರು 48 ವೋಲ್ಟ್. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿಗಳ ಸಾಲೇ ಇರುತ್ತದೆ. ಹಾಗಾಗಿಯೇ ಊರಿಡೀ ಕತ್ತಲಾದಾಗಲೂ ಹಳೆಯ ಫೋನಿನಲ್ಲಿ ‘ಗುಂಯ್’ ಸದ್ದು ಕೇಳುತ್ತಿತ್ತು. ಕಾರ್ಡ್‌ಲೆಸ್ ಕೊಂಡ ದಿನ ನಾವು ಆ ಅನುಕೂಲವನ್ನು ಕಳೆದುಕೊಂಡೆವು. ಅಂಗಡಿಯಲ್ಲಿ ಯಾರೂ ಅದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೇಸನ್ನು ದಿನವಿಡೀ ಹಾಕಿಟ್ಟರೆ ಕರೆಂಟ್ ಬಿಲ್ ಏರುತ್ತದೆ ಎಂಬುದು ಇನ್ನೊಂದು ಭಯ. ಬೇಸ್ ಎರಡು ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೂ ತಿಂಗಳಿಗೆ ಆಗುವುದು ಒಂದೂವರೆ ಯೂನಿಟ್‌ನಷ್ಟು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಮತ್ತು ಟೆಲಿಫೋನ್ ತಂತಿ ಎರಡನ್ನೂ ಕಳಚಿಡುವುದು ಮಾತ್ರ ಸರಿಯಾದ ಅಭ್ಯಾಸ. ಸಿಡಿಲು ನಿಂತ ಮೇಲೆ ಮರಳಿ ಹಾಕುವುದನ್ನು ಮರೆಯಬಾರದು, ಅಷ್ಟೇ.

‘ಫೋನ್’ ಒಂದೇ, ಬ್ಯಾಟರಿಯ ಜಾತಿ ಬೇರೆ

ಈಗ ಆ ಸಂದೇಶಕ್ಕೆ ಬರೋಣ. ವಿಚಿತ್ರವೆಂದರೆ ಅದು ಪೂರ್ತಿ ಸುಳ್ಳಲ್ಲ. ಅದರಲ್ಲಿರುವ ಮೂರು ಮಾತುಗಳಲ್ಲಿ ಮೊದಲ ಎರಡಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ಅವು ಹುಟ್ಟಿದ್ದು ಮೊಬೈಲಿಗಾಗಿ ಅಲ್ಲ.

ಕಾರ್ಡ್‌ಲೆಸ್ ಫೋನುಗಳು ಮನೆಗಳಿಗೆ ಬಂದಾಗ ಅವುಗಳೊಳಗೆ ಇದ್ದದ್ದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಇದು 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ಬ್ಯಾಟರಿ. ಆಮೇಲೆ ಅದರ ಜಾಗಕ್ಕೆ ಬಂದದ್ದು ನಿಕಲ್ ಮೆಟಲ್ ಹೈಡ್ರೈಡ್. ವಿಷಕಾರಿ ಕ್ಯಾಡ್ಮಿಯಂ ಇಲ್ಲ, ಅದೇ ಗಾತ್ರದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. ಇಂದಿನ ಬಹುತೇಕ ಕಾರ್ಡ್‌ಲೆಸ್‌ಗಳಲ್ಲಿ ಇರುವುದು ಇದೇ. ಎರಡರಲ್ಲೂ ಒಂದೊಂದು ಸೆಲ್ ಕೊಡುವುದು 1.2 ವೋಲ್ಟ್.

ನಿಮ್ಮ ಮೊಬೈಲಿನಲ್ಲಿರುವುದು ಲಿಥಿಯಂ ಅಯಾನ್. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಅದನ್ನು ಸಾಧ್ಯವಾಗಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇದರ ರಸಾಯನ ಬೇರೆ, ವೋಲ್ಟೇಜ್ ಬೇರೆ, ಚಾರ್ಜ್ ಮಾಡುವ ವಿಧಾನವೂ ಬೇರೆ.

ಕನ್ನಡದಲ್ಲಿ ನಾವು ಎರಡನ್ನೂ ‘ಫೋನ್’ ಎನ್ನುತ್ತೇವೆ, ಎರಡರ ಒಳಗಿರುವುದನ್ನೂ ‘ಬ್ಯಾಟರಿ’ ಎನ್ನುತ್ತೇವೆ. ಒಂದು ಸಲಹೆ ಕೈಯಿಂದ ಕೈಗೆ ಹೋಗುವಾಗ ಮೊದಲು ಉದುರಿಹೋಗುವುದು ಎರಡು ಸಂಗತಿ: ಅದು ಯಾವ ವರ್ಷದ್ದು, ಯಾವ ವಸ್ತುವಿನ ಬಗ್ಗೆ ಹೇಳಿದ್ದು. ನಿಕಲ್ ಬ್ಯಾಟರಿಯ ಕೈಪಿಡಿಯಲ್ಲಿ ಸರಿಯಾಗಿದ್ದ ಮಾತು ಮೊಬೈಲಿಗೆ ಅಂಟಿಕೊಂಡಿತು. ಮೊಬೈಲಿನ ಬಗ್ಗೆ ಹುಟ್ಟಿದ ಭಯ ದೊಡ್ಡಮ್ಮನ ಕಾರ್ಡ್‌ಲೆಸ್‌ಗೆ ಅಂಟಿಕೊಂಡಿತು. ಅಕ್ಕ ಓದಿದ ಸಂದೇಶದಲ್ಲಿ ‘ಮೊಬೈಲ್’ ಎಂದಿದ್ದರೆ ದೊಡ್ಡಮ್ಮ ಸ್ವಿಚ್ ಆರಿಸುತ್ತಲೇ ಇರಲಿಲ್ಲ.

‘ಮೊದಲ ಸಲ 16 ಗಂಟೆ’

ಇದರ ಲೆಕ್ಕ ಸರಳ. ಸೆಲ್ ಮೇಲೆ 600 ಎಂಎಎಚ್ ಎಂದು ಬರೆದಿದೆ ಎನ್ನಿ. ಹಳೆಯ ಬೇಸುಗಳು ಗಂಟೆಗೆ ಅದರ ಹತ್ತನೇ ಒಂದು ಪಾಲಿನಷ್ಟು ಮಾತ್ರ, ಅಂದರೆ 60 ಮಿಲಿ ಆಂಪಿಯರ್ ಹರಿಸುತ್ತಿದ್ದವು. ಹತ್ತು ಗಂಟೆಯಲ್ಲಿ ತುಂಬಬೇಕು. ಆದರೆ ಹರಿಸಿದ್ದೆಲ್ಲ ಒಳಗೆ ಉಳಿಯುವುದಿಲ್ಲ, ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಾಗಿ 14ರಿಂದ 16 ಗಂಟೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ನಿಕಲ್ ಸೆಲ್ ತಾನಾಗಿಯೇ ಖಾಲಿಯಾಗಿರುತ್ತದೆ. ಆದ್ದರಿಂದ ಹೊಸದನ್ನು ಹಾಕಿದ ಮೇಲೆ ಇಷ್ಟು ಹೊತ್ತು ಕಾಯಿರಿ ಎಂದು ಕೈಪಿಡಿ ಹೇಳುತ್ತಿತ್ತು. ಈಗಿನ ಕೆಲವು ಮಾದರಿಗಳಿಗೆ ಆರೇಳು ಗಂಟೆ ಸಾಕು. ನಿಮ್ಮ ಕೈಪಿಡಿ ಹೇಳಿದಷ್ಟು ಹೊತ್ತು ಇಡಿ.

ಇಲ್ಲೊಂದು ಮೋಸ ಇದೆ. ಹೊಸ ಸೆಲ್ ಹಾಕಿದ ಕೂಡಲೇ ಪರದೆಯ ಮೇಲೆ ಬ್ಯಾಟರಿ ‘ಫುಲ್’ ಎಂದು ಕಾಣಿಸಬಹುದು. ಅದನ್ನು ನಂಬಿ ಹ್ಯಾಂಡ್‌ಸೆಟ್ ತೆಗೆದುಕೊಂಡು ಮಾತಿಗೆ ಕೂತರೆ ಹತ್ತು ನಿಮಿಷಕ್ಕೆ ಕರೆ ಕಡಿಯುತ್ತದೆ, ಬ್ಯಾಟರಿ ಮಾರಿದ ಅಂಗಡಿಯವನಿಗೆ ಬೈಗುಳ ಬೀಳುತ್ತದೆ.

ಮೊಬೈಲಿಗೆ ಈ ನಿಯಮ ಯಾವುದೂ ಅನ್ವಯಿಸುವುದಿಲ್ಲ. ತುಂಬಿದ ಕೂಡಲೇ ಅದರೊಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ. ಹದಿನಾರು ಗಂಟೆ ತಂತಿ ಚುಚ್ಚಿಟ್ಟರೆ ಹೆಚ್ಚೇನೂ ಒಳಗೆ ಹೋಗುವುದಿಲ್ಲ.

‘ಪೂರ್ತಿ ಖಾಲಿಯಾಗುವ ತನಕ ಚಾರ್ಜ್ ಮಾಡಬೇಡಿ’

ಈ ಮಾತಿನ ಮೂಲ ನಿಕಲ್ ಕ್ಯಾಡ್ಮಿಯಂನ ‘ಮೆಮೊರಿ ಎಫೆಕ್ಟ್’. ಬಾಹ್ಯಾಕಾಶದಲ್ಲಿ ಬಳಸಿದ ಬ್ಯಾಟರಿಗಳಲ್ಲಿ ಇದನ್ನು ಗಮನಿಸಲಾಗಿತ್ತು. ಪ್ರತಿ ಸಲವೂ ಕರಾರುವಾಕ್ಕಾಗಿ ಅಷ್ಟೇ ಪ್ರಮಾಣ ಖಾಲಿಯಾಗಿ ಮತ್ತೆ ತುಂಬುತ್ತಿದ್ದ ಬ್ಯಾಟರಿ, ಆ ಮಟ್ಟ ತಲುಪಿದ ಕೂಡಲೇ ಸುಸ್ತಾಗುತ್ತಿತ್ತು. ಮನೆಯಲ್ಲಿ ಯಾರೂ ಫೋನನ್ನು ಅಷ್ಟು ಕರಾರುವಾಕ್ಕಾಗಿ ಬಳಸುವುದಿಲ್ಲ. ಒಂದು ದಿನ ತಂಗಿಯ ಜೊತೆ ಮುಕ್ಕಾಲು ಗಂಟೆ, ಮರುದಿನ ಗ್ಯಾಸ್ ಬುಕ್ ಮಾಡಲು ಎರಡು ನಿಮಿಷ. ಮನೆಯ ಕಾರ್ಡ್‌ಲೆಸ್‌ನ ಬ್ಯಾಟರಿ ಬೇಗ ಸೋಲುವುದಕ್ಕೆ ಮುಖ್ಯ ಕಾರಣ ಬೇರೆ: ವರ್ಷಗಟ್ಟಲೆ ಬೇಸಿನ ಮೇಲೆ ಕೂತು ಸದಾ ತುಸು ಬೆಚ್ಚಗೆ ಚಾರ್ಜ್ ಆಗುತ್ತಲೇ ಇರುವುದು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ‘ಬ್ಯಾಟರಿ ಕಡಿಮೆ’ ಎಂದು ಬೀಪ್ ಬರುವವರೆಗೆ ಬಳಸಿ ಮತ್ತೆ ಇಟ್ಟರೆ ಸ್ವಲ್ಪ ಚೇತರಿಸಿಕೊಳ್ಳಬಹುದು. ಅಷ್ಟು ಸಾಕು.

ಬೀಪ್ ಬಂದ ಮೇಲೂ ಬೇಸಿಗೆ ಇಡದೆ ದಿನಗಟ್ಟಲೆ ಪೂರ್ತಿ ಸಾಯಲು ಬಿಡುವುದು ಮಾತ್ರ ಕೆಟ್ಟದ್ದು. ಹ್ಯಾಂಡ್‌ಸೆಟ್‌ನಲ್ಲಿ ಎರಡೋ ಮೂರೋ ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಎಲ್ಲದರ ಬಲವೂ ಒಂದೇ ಇರುವುದಿಲ್ಲ. ತೇರು ಎಳೆಯುವವರಲ್ಲಿ ಒಬ್ಬ ಸೋತು ಬಿದ್ದರೂ ಉಳಿದವರು ಹಗ್ಗ ಜಗ್ಗುತ್ತಲೇ ಇದ್ದರೆ ಬಿದ್ದವನ ಗತಿ ಏನು? ಇಲ್ಲೂ ಹಾಗೆಯೇ. ಮೊದಲು ಖಾಲಿಯಾದ ಸೆಲ್ ಮೂಲಕ ಉಳಿದವು ವಿದ್ಯುತ್ ತಳ್ಳುತ್ತಲೇ ಇರುತ್ತವೆ. ಅದರ ಪ್ಲಸ್ ಮೈನಸ್ ತಿರುಗುಮುರುಗಾಗಿ ಶಾಶ್ವತವಾಗಿ ಹಾಳಾಗುತ್ತದೆ. ಹಳೆಯ ಸೆಲ್ ಜೊತೆ ಹೊಸದನ್ನು ಬೆರೆಸಬಾರದು, ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು ಎನ್ನುವುದೂ ಇದಕ್ಕೇ.

ಮೊಬೈಲಿನ ಲಿಥಿಯಂಗೆ ಪೂರ್ತಿ ಖಾಲಿಯಾಗುವುದೇ ಕಷ್ಟ. ಇಪ್ಪತ್ತು ಮೂವತ್ತು ಶೇಕಡಾ ಇರುವಾಗಲೇ ಚಾರ್ಜಿಗೆ ಹಾಕಿದರೆ ಅದು ಸುಖವಾಗಿರುತ್ತದೆ.

‘ರಾತ್ರಿಯಿಡೀ ಇಟ್ಟರೆ ಸಿಡಿಯುತ್ತದೆ’

ಕಾರ್ಡ್‌ಲೆಸ್ ಬೇಸಿನ ಮೇಲೆಯೇ ಇರಬೇಕೆಂದು ಮಾಡಿದ ಸಾಧನ. ತುಂಬಿದ ಮೇಲೆ ಅದಕ್ಕೆ ಹೋಗುವುದು ತೀರಾ ಕಡಿಮೆ ವಿದ್ಯುತ್. ಅದು ಬಿಸಿಯಾಗಿ ಹೊರಬೀಳುತ್ತದೆ, ಅದಕ್ಕೇ ಹ್ಯಾಂಡ್‌ಸೆಟ್ ಮುಟ್ಟಿದರೆ ಬೆಚ್ಚಗಿರುತ್ತದೆ. ಬೆಚ್ಚಗಿದ್ದರೆ ಸರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ, ಉಬ್ಬಿದ ಸೆಲ್, ಬಿಳಿ ಪುಡಿ, ಇವು ಕಂಡರೆ ಪ್ಲಗ್ ತೆಗೆಯಿರಿ.

ಒಳ್ಳೆಯ ಸ್ಥಿತಿಯಲ್ಲಿರುವ ಮೊಬೈಲ್ ಕೂಡ ರಾತ್ರಿ ಚಾರ್ಜಿಗೆ ಇಟ್ಟ ಮಾತ್ರಕ್ಕೆ ಸಿಡಿಯುವುದಿಲ್ಲ. ಹಾಗೆಂದು ಭಯಕ್ಕೆ ಆಧಾರವೇ ಇಲ್ಲ ಎಂದಲ್ಲ. ಬಿದ್ದು ಜಜ್ಜಿದ ಫೋನ್, ಉಬ್ಬಿದ ಬ್ಯಾಟರಿ, ಹೆಸರಿಲ್ಲದ ಅಗ್ಗದ ಚಾರ್ಜರ್, ದಿಂಬಿನ ಕೆಳಗೆ ಚಾರ್ಜಿಗೆ ಇಡುವ ಅಭ್ಯಾಸ, ಇವು ನಿಜವಾದ ಅಪಾಯಗಳು. ದಿಂಬಿನ ಕೆಳಗೆ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ಫಾರ್ವರ್ಡ್ ಬರೆದವರು ಇದಿಷ್ಟನ್ನೇ ಬರೆದಿದ್ದರೆ ನಾನೂ ನಾಲ್ಕು ಜನಕ್ಕೆ ಕಳುಹಿಸುತ್ತಿದ್ದೆ.

ಬದಲಿಸುವಾಗಿನ ನಿಜವಾದ ಅಪಾಯದ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ

ಬ್ಯಾಟರಿ ಕೊಳ್ಳುವ ಮುನ್ನ ಬೇಸಿನ ಮೇಲಿನ ಲೋಹದ ಚುಕ್ಕೆಗಳನ್ನೂ ಹ್ಯಾಂಡ್‌ಸೆಟ್ ತಳದಲ್ಲಿರುವ ಅಂಥವನ್ನೇ ನೋಡಿ. ಮಲೆನಾಡಿನ, ಕರಾವಳಿಯ ತೇವಕ್ಕೆ ಅವು ಕಪ್ಪಾಗಿರುತ್ತವೆ. ಪ್ಲಗ್ ತೆಗೆದು, ಒಣ ಬಟ್ಟೆಯಿಂದಲೋ ಪೆನ್ಸಿಲ್ ಅಳಿಸುವ ರಬ್ಬರಿನಿಂದಲೋ ಉಜ್ಜಿ, ಒಂದು ದಿನ ಇಟ್ಟು ನೋಡಿ. ಬ್ಯಾಟರಿ ಹೋಯಿತು ಎಂದುಕೊಂಡ ಎಷ್ಟೋ ಫೋನುಗಳು ಇಷ್ಟರಲ್ಲೇ ಸರಿಯಾಗುತ್ತವೆ. ಎರಡು ಮೂರು ವರ್ಷ ದುಡಿದ ಬ್ಯಾಟರಿಯಾದರೆ ಬದಲಿಸುವ ಕಾಲ ಬಂದಿದೆ.

ಹಿಂಬದಿಯ ಮುಚ್ಚಳ ತೆಗೆದರೆ ಎರಡರಲ್ಲಿ ಒಂದು ಕಾಣುತ್ತದೆ. ಟಿವಿ ರಿಮೋಟಿಗೆ ಹಾಕುವ ಸೆಲ್‌ಗಳಂತೆಯೇ ಕಾಣುವ ಎರಡು ಬಿಡಿ ಸೆಲ್. ಅಥವಾ ಎರಡು ಮೂರು ಸೆಲ್ ಸುತ್ತಿ, ಕೆಂಪು ಕಪ್ಪು ವೈರ್ ಮತ್ತು ಪುಟ್ಟ ಪ್ಲಗ್ ಇರುವ ಕಟ್ಟು.

ಮೊದಲನೆಯದೇ ಎಡವಟ್ಟಿಗೆ ದಾರಿ. ರಿಮೋಟಿನ ಸೆಲ್ ಸರಿಯಾಗಿ ಕೂರುತ್ತದೆ, ಫೋನ್ ಆನ್ ಕೂಡ ಆಗುತ್ತದೆ. ಆದರೆ ಅದು ಚಾರ್ಜ್ ಮಾಡಲೆಂದು ಮಾಡಿದ ಸೆಲ್ ಅಲ್ಲ. ಬೇಸಿನ ಮೇಲೆ ಇಟ್ಟ ಕೂಡಲೇ ವಿದ್ಯುತ್ ಹರಿಯತೊಡಗುತ್ತದೆ, ಸೆಲ್ ಒಳಗೆ ಅನಿಲ ತುಂಬುತ್ತದೆ, ಸೋರುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಚರ್ಮ ಸುಡುವ ಕ್ಷಾರ. ಮೊಮ್ಮಕ್ಕಳು ಕಿವಿಗೆ ಒತ್ತಿಕೊಂಡು ಮಾತಾಡುವ ಸಾಧನದಲ್ಲಿ ಇದು ಆಟವಲ್ಲ. ಒಣಗಿದ ಬಿಳಿ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹತ್ತಿಗೆ ಒಂದೆರಡು ಹನಿ ನಿಂಬೆರಸ ಅಥವಾ ವಿನೆಗರ್ ಹಾಕಿ ಒರೆಸಿ, ಪೂರ್ತಿ ಒಣಗಿಸಿ.

ಇನ್ನೂ ಅಪಾಯದ್ದು ಲಿಥಿಯಂ. 10440 ಎಂಬ ಸಂಖ್ಯೆಯ ಲಿಥಿಯಂ ಸೆಲ್ ನೋಡಲು ರಿಮೋಟ್ ಸೆಲ್‌ನಷ್ಟೇ ಇರುತ್ತದೆ. ಸಂಖ್ಯೆಯ ಅರ್ಥ 10 ಮಿಲಿಮೀಟರ್ ದಪ್ಪ, 44 ಮಿಲಿಮೀಟರ್ ಉದ್ದ. ಆದರೆ ಅದರದ್ದು 3.7 ವೋಲ್ಟ್. ಅಂಥ ಎರಡು ಹಾಕಿದರೆ 2.4 ವೋಲ್ಟ್ ಬೇಕಾದ ಹ್ಯಾಂಡ್‌ಸೆಟ್‌ಗೆ 7.4 ವೋಲ್ಟ್ ಹೋಗುತ್ತದೆ. ಕಟ್ಟಿನ ಬ್ಯಾಟರಿಯಲ್ಲಿ ಗೊಂದಲ ಇನ್ನೂ ನಯವಾದದ್ದು. 1.2 ವೋಲ್ಟಿನ ಮೂರು ನಿಕಲ್ ಸೆಲ್ ಸೇರಿ 3.6 ವೋಲ್ಟ್. ಒಂದು ಲಿಥಿಯಂ ಸೆಲ್ ಮೇಲೂ 3.6 ಎಂದೇ ಬರೆದಿರಬಹುದು. ಸಂಖ್ಯೆ ಒಂದೇ ಎಂದು ಬದಲಿಸಿದರೆ, ನಿಕಲ್‌ಗಾಗಿ ಮಾಡಿದ ಬೇಸಿಗೆ ಲಿಥಿಯಂನ ಮಿತಿ ಗೊತ್ತಿಲ್ಲ. ಸುಮಾರು 4.2 ವೋಲ್ಟಿನಲ್ಲಿ ನಿಲ್ಲಬೇಕಾದ ಚಾರ್ಜ್ ಅಲ್ಲಿಗೆ ನಿಲ್ಲದೆ ಹೋಗಬಹುದು. ‘ರಾತ್ರಿಯಿಡೀ ಇಟ್ಟರೆ ಸಿಡಿಯುತ್ತದೆ’ ಎಂಬ ಮಾತು ನಿಜವಾಗಬಹುದಾದ ಜಾಗ ಇದು. ವೋಲ್ಟ್ ಮಾತ್ರ ನೋಡಬೇಡಿ, ಜಾತಿಯನ್ನೂ ನೋಡಿ. ಹಳೆಯ ಬ್ಯಾಟರಿಯ ಮೇಲೆ ಇಂಗ್ಲಿಷಿನ ಎನ್, ಐ, ಎಂ, ಎಚ್ ಅಕ್ಷರಗಳಿದ್ದರೆ ಹೊಸದರ ಮೇಲೂ ಅವೇ ಇರಬೇಕು.

ಎಂಎಎಚ್ ತುಸು ಹೆಚ್ಚಿದ್ದರೆ ತೊಂದರೆಯಿಲ್ಲ. ತುಂಬಲು ಹೆಚ್ಚು ಹೊತ್ತು ಬೇಕು, ಮಾತಿಗೂ ಹೆಚ್ಚು ಹೊತ್ತು ಸಿಗುತ್ತದೆ. ಆದರೆ ರಿಮೋಟ್ ಗಾತ್ರದ ನಿಕಲ್ ಸೆಲ್ ಮೇಲೆ 1800 ಎಂದು ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಆ ಗಾತ್ರದಲ್ಲಿ ನಿಜವಾಗಿ ಹಿಡಿಯುವುದು ಸುಮಾರು 1000ದ ಆಸುಪಾಸು.

ಕಟ್ಟಿನ ಬ್ಯಾಟರಿಯ ಪ್ಲಗ್ ಕೂತಿತು ಎಂದ ಮಾತ್ರಕ್ಕೆ ಸರಿ ಎಂದಲ್ಲ. ಒಂದೇ ಆಕಾರದ ಪ್ಲಗ್‌ನಲ್ಲಿ ಕೆಂಪು ಕಪ್ಪು ಅದಲುಬದಲಾಗಿರುವುದುಂಟು. ಹಳೆಯದನ್ನು ಕಳಚುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅಂಗಡಿಗೆ ಹಳೆಯ ಬ್ಯಾಟರಿಯನ್ನೇ ಒಯ್ಯಿರಿ.

ಹಳೆಯದು ಬಚ್ಚಲ ಒಲೆಗೆ ಹೋಗಬಾರದು

ಹಂಡೆಯ ಒಲೆ ಇರುವ ಮನೆಗಳಲ್ಲಿ ಕಸವೆಲ್ಲ ಅದಕ್ಕೇ. ಬ್ಯಾಟರಿಯನ್ನೂ ಅದಕ್ಕೆ ಹಾಕುವುದನ್ನು ನಾನೇ ನೋಡಿದ್ದೇನೆ. ಮುಚ್ಚಿದ ಸೆಲ್ ಬೆಂಕಿಯಲ್ಲಿ ಸಿಡಿಯುತ್ತದೆ. ಹಳೆಯ ನಿಕಲ್ ಕ್ಯಾಡ್ಮಿಯಂ ಆಗಿದ್ದರೆ ಕ್ಯಾಡ್ಮಿಯಂ ಹೊಗೆಗೂ ಬೂದಿಗೂ ಸೇರುತ್ತದೆ, ಆ ಬೂದಿ ತೋಟದ ಗಿಡದ ಬುಡಕ್ಕೆ ಹೋಗುತ್ತದೆ. ಜಪಾನಿನ ತೊಯಾಮಾದಲ್ಲಿ ಗಣಿಯಿಂದ ಜಿನ್ಜು ನದಿಗೆ ಸೇರಿದ ಕ್ಯಾಡ್ಮಿಯಂ ಗದ್ದೆಗೂ ಅನ್ನಕ್ಕೂ ಬಂದು, ಮೂಳೆ ಮೆತ್ತಗಾಗಿ ತಾನಾಗಿ ಮುರಿಯುವ ‘ಇಟಾಯ್ ಇಟಾಯ್’ ರೋಗ ಹಬ್ಬಿತ್ತು. ಹೆಸರಿನ ಅರ್ಥ ‘ನೋವು, ನೋವು’. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿತು. ಒಂದು ಫೋನಿನ ಬ್ಯಾಟರಿ ಗಣಿಯಲ್ಲ, ನಿಜ. ಆದರೆ ಆ ಲೋಹ ಮಣ್ಣಿಗೆ ಬಿದ್ದರೆ ಕರಗಿ ಕಾಣೆಯಾಗುವುದಿಲ್ಲ.

ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದ್ದು. ಬೇರೆ ಕಸದ ಜೊತೆ ಬೆರೆಸದೆ ಕೊಡುವ ಹೊಣೆ ನಮ್ಮದು. ಹಳ್ಳಿಯಲ್ಲಿ ಕೊಡುವ ಜಾಗ ಹತ್ತಿರದಲ್ಲಿ ಇರುವುದಿಲ್ಲ ಎಂಬುದು ನಿಜವಾದ ದೂರು. ಎರಡೂ ತುದಿಗೆ ಟೇಪ್ ಸುತ್ತಿ ಒಂದು ಡಬ್ಬಿಯಲ್ಲಿ ಹಾಕಿಟ್ಟು, ಪೇಟೆಗೆ ಹೋಗುವವರ ಕೈಯಲ್ಲಿ ಇ-ತ್ಯಾಜ್ಯ ಪಡೆಯುವ ಕಡೆಗೆ ಕಳುಹಿಸುವುದು ಸದ್ಯಕ್ಕೆ ಮಾಡಬಹುದಾದ ಕೆಲಸ.

ದೊಡ್ಡಮ್ಮನ ಮನೆಗೆ ಈಗ ಫೈಬರ್ ಬಂದಿದೆ. ಲ್ಯಾಂಡ್‌ಲೈನ್ ಅದರಲ್ಲೇ ನಡೆಯುತ್ತದೆ. ಬೆಳಕಿನ ತಂತಿಯಲ್ಲಿ 48 ವೋಲ್ಟ್ ಬರುವುದಿಲ್ಲ, ಹಾಗಾಗಿ ಸುರುಳಿ ವೈರಿನ ಹಳೆಯ ಫೋನ್ ಕೂಡ ಈಗ ಕರೆಂಟ್ ಹೋದರೆ ಸುಮ್ಮನಾಗುತ್ತದೆ. ಫೈಬರಿನ ಪೆಟ್ಟಿಗೆಗೂ ಫೋನಿಗೂ ಬ್ಯಾಕಪ್ ಬೇಕು. ಅಕ್ಕ ಹೋದ ದೀಪಾವಳಿಗೆ ಊರಿಗೆ ಹೋದಾಗ ಪೆಟ್ಟಿಗೆಗೆ ಒಂದು ಸಣ್ಣ ಯುಪಿಎಸ್ ಹಾಕಿಸಿದಳು, ಅಟ್ಟದಲ್ಲಿದ್ದ ಹಳೆಯ ಫೋನನ್ನು ಇಳಿಸಿ ಅದಕ್ಕೇ ಜೋಡಿಸಿದಳು. ಕಾರ್ಡ್‌ಲೆಸ್‌ಗೆ ಹೊಸ ಸೆಲ್ ಹಾಕಿ ಹಗಲಿನ ಮಾತಿಗೆ ಅಡುಗೆಮನೆಯಲ್ಲಿ ಇಟ್ಟಳು. ಹಳೆಯ ಫೋನ್ ಈಗ ದೊಡ್ಡಪ್ಪನ ಮಂಚದ ಪಕ್ಕ ಇದೆ. ಎರಡೂ ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ‘ಆರಿಸಬೇಡಿ’ ಎಂದು ಬರೆದಿದ್ದಾಳೆ.